ತೊಗಲು ಮೊಟ್ಟೆ

ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ ಆ ಹೆಂಗಸಿಗೆ ಊರವರು ಇಟ್ಟ ಹೆಸರು ಬ್ರೇಕಕ್ಕ. ಅವಳ ಹಳೇ ಕಾರಿನಲ್ಲಿ ಎರಡು ಜೊತೆ ಪೆಡಲುಗಳಿದ್ದವು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಅವಳ ಕಾಲಡಿ. ಕಾಲು ಸದಾ ಬ್ರೇಕಿನ ಮೇಲೆ, ಬಾಯಿ ಮಾತ್ರ ಆಕ್ಸಿಲರೇಟರಿನ ಮೇಲೆ ಎಂದು ಅವಳ ಕೈಯಲ್ಲಿ ಕಲಿತವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡರೂ ಕಲಿಯಲು ಬರುತ್ತಿದ್ದುದು ಅವಳ ಹತ್ತಿರವೇ. ಅವಳ ಬೈಗುಳ ಕೇಳಿದವನು ಮುಂದೆ ಯಾವ ಲಾರಿ ಹಾರ್ನಿಗೂ ಬೆಚ್ಚುತ್ತಿರಲಿಲ್ಲ.

ಅವಳ ಗಂಡ ಹಲ್ಲಣ್ಣ. ಅವನದು ಕಟ್ಟುಹಲ್ಲು ಮಾಡುವ ಕೆಲಸ. ಊರಿನ ದಂತವೈದ್ಯರು ಬಾಯಿಯ ಅಚ್ಚು ಕಳಿಸಿದರೆ ಇವನು ಹಲ್ಲಿನ ಸೆಟ್ಟು ಕಳಿಸುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಯ ಉದ್ದಕ್ಕೂ ಕಪಾಟು, ಕಪಾಟಿನ ತುಂಬಾ ಪ್ಲಾಸ್ಟರಿನ ದವಡೆಗಳು. ಅಲ್ಲಿ ಕೂತು ಟೀ ಕುಡಿಯುವ ನೆಂಟರಿಗೆ ಊರಿನ ಅರ್ಧ ಜನ ತಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದ್ದಾರೆ ಅನ್ನಿಸಿ, ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮನೆಯ ಮೂರನೆಯ ಸದಸ್ಯೆ ಹಲ್ಲಣ್ಣನ ತಾಯಿ, ಅಂದರೆ ಬ್ರೇಕಕ್ಕನ ಅತ್ತೆ. ಎಂಬತ್ತು ದಾಟಿದ ಈ ಮುದುಕಿ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಊರಿನ ಅದೆಷ್ಟೋ ಪ್ರೇಮ, ಜಗಳ, ಬೀಗತನಗಳು ಅವಳ ಕಿವಿಯ ಮೂಲಕವೇ ಹಾದುಹೋಗಿದ್ದವು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಬಾಯಿಗೆ ಹತ್ತಿದ ಮಾತು ಬಿಟ್ಟಿರಲಿಲ್ಲ. ಬೇಡದ ಪ್ರಶ್ನೆ ಕೇಳಿದರೆ, "ಲೈನ್ ಬಿಝಿ ಇದೆ," ಎಂದು ಮುಖ ತಿರುಗಿಸುತ್ತಿದ್ದಳು. ಮಗ ಮಾಡಿಕೊಟ್ಟ ಹೊಸ ಹಲ್ಲಿನ ಸೆಟ್ಟು ಅವಳ ಬಾಯಲ್ಲಿತ್ತು. ಹಲ್ಲಣ್ಣನ ಪ್ರಕಾರ ಅದು ಅವನ ಜೀವಮಾನದ ಶ್ರೇಷ್ಠ ಕೆಲಸ. ಮನೆಗೆ ಯಾರೇ ಬರಲಿ, "ಅಮ್ಮಾ, ಒಂದ್ಸಲ ನಗಮ್ಮಾ," ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಮೂವತ್ತರ ಹುಡುಗಿಯ ಹಲ್ಲುಗಳು ಸಾಲಾಗಿ, ಬೆಳ್ಳಗೆ, ಸುಕ್ಕುಗಟ್ಟಿದ ಮುಖದಲ್ಲಿ ಫಳ್ಳನೆ ಹೊಳೆಯುತ್ತಿದ್ದವು. ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಹಿತ್ತಿಲಿನಲ್ಲಿ ಬ್ರೇಕಕ್ಕನ ಐದು ಕೋಳಿಗಳಿದ್ದವು: ಫಸ್ಟು, ಸೆಕೆಂಡು, ಥರ್ಡು, ನ್ಯೂಟ್ರಲ್ಲು, ರಿವರ್ಸು. ನ್ಯೂಟ್ರಲ್ಲು ಎಲ್ಲಕ್ಕಿಂತ ಹಳೆಯದು. ಎಲ್ಲಿ ಬಿಟ್ಟರೆ ಅಲ್ಲೇ ನಿಂತಿರುತ್ತಿತ್ತು. ರಿವರ್ಸನ್ನು ಗೂಡಿನ ಒಳಗೆ ಅಟ್ಟಿದರೆ ಹೊರಗೆ ಬರುತ್ತಿತ್ತು, ಹೊರಗೆ ಕರೆದರೆ ಒಳಗೆ ಹೋಗುತ್ತಿತ್ತು. ಅತ್ತೆಗೆ ಕೋಳಿ ಕಂಡರೆ ಆಗದು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. "ಹೊಲಸು ಜಾತಿ. ಕಾಲಲ್ಲಿ ಕೆರೆಯೋದು, ಬಾಯಲ್ಲಿ ಚಾಡಿ ಹೇಳೋದು. ನಮ್ಮ ಎಕ್ಸ್‌ಚೇಂಜಲ್ಲೂ ಇಂಥವರೇ ಇದ್ರು," ಎನ್ನುತ್ತಿದ್ದಳು.

ಬ್ರೇಕಕ್ಕನಿಗೆ ತನ್ನ ಮೊಟ್ಟೆಗಳ ಬಗ್ಗೆ ಇದ್ದ ಜಂಬ ಅಷ್ಟಿಷ್ಟಲ್ಲ. ತನ್ನ ಹತ್ತಿರ ಕಲಿತು ಲೈಸೆನ್ಸ್ ಪಡೆದವರ ಕೈಗೆ, ಪರೀಕ್ಷೆಯ ಮೈದಾನದಲ್ಲೇ, ಒಂದು ಚೀಲ ಮೊಟ್ಟೆ ಇಡುತ್ತಿದ್ದಳು. "ಮೊಟ್ಟೆ ಒಡೀದಂಗೆ ಮನೆ ತಲುಪಿದ್ರೆ ನೀನು ನಿಜವಾಗ್ಲೂ ಪಾಸು," ಎಂದು ಬೆನ್ನು ತಟ್ಟುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಗೂಡಿಗೆ ಕೈ ಹಾಕಿದ ಅವಳಿಗೆ ಏನೋ ಮೆತ್ತಗಿನದು ತಗುಲಿತು. ಹೊರಗೆ ತೆಗೆದು ನೋಡಿದರೆ ಚಿಪ್ಪೇ ಇಲ್ಲದ ಮೊಟ್ಟೆ. ಬರೀ ತೊಗಲು, ನೀರು ತುಂಬಿದ ಬಲೂನಿನ ಹಾಗೆ ಅಂಗೈಯಲ್ಲಿ ಓಲಾಡುತ್ತಿತ್ತು. ಯಾವುದೋ ಒಂದು ಕೋಳಿಗೆ ತಲೆ ಕೆಟ್ಟಿರಬೇಕು ಎಂದುಕೊಂಡು ಸುಮ್ಮನಾದಳು. ಆದರೆ ಮುಂದಿನ ವಾರಗಳಲ್ಲಿ ಕಾಯಿಲೆ ಎಲ್ಲ ಗೇರುಗಳಿಗೂ ಹಬ್ಬಿತು. ಚಿಪ್ಪು ಇದ್ದ ಮೊಟ್ಟೆಗಳೂ ಮರಳು ಕಾಗದದಂತೆ ಒರಟು. ಹಿಡಿದರೆ ಬೆರಳು ಒಳಗಿಳಿಯುತ್ತಿತ್ತು. ಗೂಡಿನಲ್ಲಿ ಒಡೆದ ಮೊಟ್ಟೆಯ ರುಚಿ ರಿವರ್ಸಿಗೆ ಹತ್ತಿಬಿಟ್ಟಿತು. ಅದು ಪಕ್ಕದವರ ಮೊಟ್ಟೆಯನ್ನೂ ಕುಕ್ಕಿ ಕುಡಿದು, ಏನೂ ಅರಿಯದಂತೆ ಕೊಕ್ಕು ಒರೆಸಿಕೊಂಡು ಹೋಗುತ್ತಿತ್ತು.

ಮರ್ಯಾದೆ ಹೋದದ್ದು ಬ್ಯಾಂಕ್ ಮ್ಯಾನೇಜರ್ ಲೈಸೆನ್ಸ್ ಪಡೆದ ದಿನ. ಈ ಮ್ಯಾನೇಜರು ಪರೀಕ್ಷೆಯಲ್ಲಿ ಎಷ್ಟು ಸಲ ಡುಮ್ಕಿ ಹೊಡೆದಿದ್ದನೆಂದರೆ, ಪರೀಕ್ಷೆ ಮಾಡುವ ಅಧಿಕಾರಿ ಅವನ ಮನೆಯವರ ಯೋಗಕ್ಷೇಮ ವಿಚಾರಿಸುವಷ್ಟು ಪರಿಚಿತರಾಗಿಬಿಟ್ಟಿದ್ದರು. ಅಂತೂ ಅವನು ಒಂದು ಕಂಬವನ್ನೂ ಬೀಳಿಸದೆ ಕಾರು ತಿರುಗಿಸಿ ನಿಲ್ಲಿಸಿದ. ಬ್ರೇಕಕ್ಕ ಖುಷಿಯಿಂದ ಚೀಲ ತೆಗೆದಳು. ಇದ್ದುದರಲ್ಲಿ ಗಟ್ಟಿಯಾದವನ್ನೇ ಆರಿಸಿ ತಂದಿದ್ದಳು, ಪಾಪ. ಮ್ಯಾನೇಜರು ಭಾವುಕನಾಗಿ ಒಂದು ಮೊಟ್ಟೆ ಎತ್ತಿಕೊಂಡು, "ಮೇಡಂ, ಇದನ್ನ ಜೀವಮಾನ ಮರೆಯಲ್ಲ," ಎಂದು ಮುಷ್ಟಿ ಹಿಡಿದ. ಪಿಚಕ್ ಎಂದಿತು. ಲೋಳೆ ಅವನ ಬಿಳಿ ಶರ್ಟಿನ ತೋಳಿನೊಳಗೆ ಹರಿದು ಮೊಣಕೈಯಲ್ಲಿ ತೊಟ್ಟಿಕ್ಕತೊಡಗಿತು.

"ಇದು ಮೊಟ್ಟೇನಾ ಮೇಡಂ, ನೆಗಡೀನಾ?" ಎಂದ ಮ್ಯಾನೇಜರು.

ಮೈದಾನದಲ್ಲಿದ್ದವರೆಲ್ಲ ನಕ್ಕರು. ಅಧಿಕಾರಿಯಂತೂ ಕಂಬ ಹಿಡಿದುಕೊಂಡು ನಕ್ಕರು. ಬ್ರೇಕಕ್ಕ ಬದುಕಿನಲ್ಲಿ ಮೊದಲ ಸಲ ಒಂದು ಮಾತೂ ಆಡದೆ ಕಾರು ಹತ್ತಿದಳು.

ಅಂದಿನಿಂದ ಊರಿನಲ್ಲಿ ಇದ್ದಬದ್ದವರೆಲ್ಲ ಕೋಳಿ ತಜ್ಞರಾದರು. ಹಾಲಿನವನು, ನಾಯಿ ಬೊಗಳಿದ್ದಕ್ಕೆ ಹೆದರಿವೆ ಎಂದ. ಕಟಿಂಗ್ ಶಾಪಿನವನು, ಹುಂಜ ಇಲ್ಲದ ಕೊರಗು ಎಂದ. ಅವನು ಹೇಳಿದ ರೀತಿಗೆ ಬ್ರೇಕಕ್ಕ ಅವನನ್ನು ದುರುಗುಟ್ಟಿ ನೋಡಿದಳು. ಹಲ್ಲಣ್ಣ ಮಾತ್ರ ರಾತ್ರಿ ಊಟದ ಹೊತ್ತಿಗೆ ಚಮಚ ಕೆಳಗಿಟ್ಟು ಗಂಭೀರವಾಗಿ, "ಇದು ನನ್ನ ಸಬ್ಜೆಕ್ಟು," ಎಂದ.

"ಕೋಳಿಗೆ ಹಲ್ಲಿಲ್ಲ ಕಣ್ರೀ."

"ಹಲ್ಲಿಲ್ಲದಿದ್ರೇನು, ಚಿಪ್ಪಿದೆಯಲ್ಲ! ಎರಡೂ ಕ್ಯಾಲ್ಸಿಯಮ್ಮೇ. ನನ್ನ ಪ್ಲಾಸ್ಟರೂ ಕ್ಯಾಲ್ಸಿಯಮ್ಮೇ. ನಾಳೆ ನೋಡು."

ಮರುದಿನ ಬ್ರೇಕಕ್ಕ ಕ್ಲಾಸಿಗೆ ಹೋದ ಮೇಲೆ ಅವನು ಒಂದು ತಗ್ಗು ಬಟ್ಟಲಲ್ಲಿ ಅಚ್ಚಿನ ಪ್ಲಾಸ್ಟರ್ ಪುಡಿ ತುಂಬಿ ಹಿತ್ತಿಲಿನಲ್ಲಿಟ್ಟ. ಕೋಳಿಗಳು ಮೂಸಿಯೂ ನೋಡಲಿಲ್ಲ, ಸದ್ಯ. ಆದರೆ ರಿವರ್ಸು ಪಕ್ಕದಲ್ಲಿದ್ದ ನೀರಿನ ಡಬ್ಬಿ ಉರುಳಿಸಿತು, ನೀರು ಬಟ್ಟಲಿಗೆ ಬಿತ್ತು, ಅದೇ ಬಟ್ಟಲಿನಲ್ಲಿ ಕಾಲಿಟ್ಟು ನಿಂತು ಏನನ್ನೋ ಯೋಚಿಸಿತು. ಅದು ಯೋಚನೆ ಮುಗಿಸುವಷ್ಟರಲ್ಲಿ ಪ್ಲಾಸ್ಟರ್ ಗಟ್ಟಿಯಾಯಿತು. ಬ್ರೇಕಕ್ಕ ಮನೆಗೆ ಬಂದಾಗ ಹಿತ್ತಿಲ ಸಿಮೆಂಟಿನ ಮೇಲೆ ಟಕ್, ಟಕ್ ಎಂದು ಸದ್ದು. ಒಂದೇ ಕಾಲಿಗೆ ಬೂಟು ಹಾಕಿಕೊಂಡ ಮಿಲಿಟರಿಯವನಂತೆ ರಿವರ್ಸು ಬಟ್ಟಲು ಎಳೆದುಕೊಂಡು ಗಸ್ತು ತಿರುಗುತ್ತಿತ್ತು. ಮಿಕ್ಕವು ಗೋಡೆಗೆ ಒತ್ತಿಕೊಂಡು ನಿಂತಿದ್ದವು.

ಹಲ್ಲಣ್ಣ ಹಲ್ಲು ಕೊರೆಯುವ ಪುಟ್ಟ ಗರಗಸ ತಂದು, ಬೆವರುತ್ತಾ, ಪ್ಲಾಸ್ಟರನ್ನು ಸೀಳಿ ಕೋಳಿಯ ಕಾಲು ಬಿಡಿಸಿದ. ಬಿಡಿಸಿದವನು ತುಂಡನ್ನು ಬೆಳಕಿಗೆ ಹಿಡಿದು, "ಏನ್ ಅಚ್ಚು ಬಿದ್ದಿದೆ ನೋಡೇ! ಒಂದೊಂದು ಗೆರೇನೂ ಮೂಡಿದೆ!" ಎಂದ.

"ರೀ, ಇನ್ನೊಂದು ಮಾತಾಡಿದ್ರೆ ನಿಮ್ಮ ಬಾಯಿಗೂ ಅದನ್ನೇ ತುಂಬ್ತೀನಿ," ಎಂದಳು ಬ್ರೇಕಕ್ಕ. ಕೋಳಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಪೆಟ್ಟಿಗೆಗೆ ಸೀಟ್ ಬೆಲ್ಟ್ ಬಿಗಿದು, ಪಶುವೈದ್ಯೆಯ ಹತ್ತಿರ ಹೊರಟಳು.

ಪಶುವೈದ್ಯೆ ಮಾತು ಕಡಿಮೆಯ ಹೆಂಗಸು. ರೋಗಿಗಳು ಉತ್ತರ ಕೊಡದ ವೃತ್ತಿಯಾದ್ದರಿಂದ ಹಾಗಾಗಿದ್ದಿರಬಹುದು. ರಿವರ್ಸಿನ ಕಾಲು ನೋಡಿದಳು, ಏನೂ ಆಗಿರಲಿಲ್ಲ. ಪ್ಲಾಸ್ಟರಿನ ಕಥೆ ಕೇಳಿ, "ತಿಂದಿದ್ರೆ ಹೊಟ್ಟೇಲಿ ಕಲ್ಲಾಗ್ತಿತ್ತು. ನಿಮ್ಮ ಯಜಮಾನರನ್ನ ಕೋಳಿಗಳಿಂದ ದೂರ ಇಡಿ," ಎಂದಳು. ಆಮೇಲೆ ಕೋಳಿಯ ಹೊಟ್ಟೆ ಅಮುಕಿ ನೋಡಿ ಹುಬ್ಬೇರಿಸಿದಳು.

"ಇದು ಕೋಳೀನಾ, ದಿಂಬಾ?"

"ಯಾಕೆ ಡಾಕ್ಟ್ರೇ?"

"ಬರೀ ಕೊಬ್ಬು. ಏನು ಹಾಕ್ತೀರಿ?"

"ಮೊಟ್ಟೆ ಕೋಳಿ ಫೀಡು. ಅದು ಬಿಟ್ರೆ ಏನೂ ಇಲ್ಲ. ನನ್ನ ಸ್ಟೇರಿಂಗ್ ಮುಟ್ಟಿ ಹೇಳ್ತೀನಿ."

"ಸೀನು, ಕೆಮ್ಮು?"

"ಇಲ್ಲ."

"ಬಿಸಿಲು ಬೀಳುತ್ತಾ ಹಿತ್ತಿಲಿಗೆ?"

"ಧಾರಾಳವಾಗಿ."

ವೈದ್ಯೆ ಕೈ ತೊಳೆದುಕೊಳ್ಳುತ್ತಾ ಹೇಳಿದಳು: "ಹಂಗಾದ್ರೆ ರೋಗ ಅಲ್ಲ. ಚಿಪ್ಪಿಗೆ ಬೇಕಾಗಿದ್ದು ಫೀಡಲ್ಲಿ ಇರುತ್ತೆ. ಆದ್ರೆ ಬೇರೆ ತಿಂಡಿ ತಿಂದು ಹೊಟ್ಟೆ ತುಂಬಿಸ್ಕೊಂಡ್ರೆ ಫೀಡು ಯಾರು ತಿಂತಾರೆ? ಮಕ್ಕಳ ಥರಾನೇ. ಸಮುದ್ರದ ಚಿಪ್ಪನ್ನ ದಪ್ಪದಪ್ಪಗೆ ಕುಟ್ಟಿ ಬೇರೆ ಬಟ್ಟಲಲ್ಲಿ ಇಡಿ. ಫೀಡಿಗೆ ಬೆರೆಸಬೇಡಿ, ಬೇಕಾದಷ್ಟನ್ನ ಅವೇ ತಿಂತವೆ. ಮೊಟ್ಟೆ ಕುಕ್ಕೋ ಕೋಳಿ ಗೂಡಲ್ಲಿ ಒಂದು ಸುಳ್ಳು ಮೊಟ್ಟೆ ಇಡಿ, ಕೊಕ್ಕು ನೋಯಿಸ್ಕೊಂಡು ಬುದ್ಧಿ ಕಲಿಯುತ್ತೆ. ಇದೆಲ್ಲಕ್ಕಿಂತ ಮೊದಲು, ಮನೇಲಿ ಯಾರು ಕದ್ದು ತಿನ್ನಿಸ್ತಿದ್ದಾರೆ ಅಂತ ಹುಡುಕಿ."

ಅವತ್ತು ಸಂಜೆ ಊಟದ ಮೇಜು ಪೊಲೀಸ್ ಠಾಣೆಯಾಯಿತು. ಹಲ್ಲಣ್ಣ, ಟೀ ಕುಡಿಯುವಾಗ ಬಿಸ್ಕತ್ತಿನ ಮೂಲೆ ಎಸೆಯುವುದುಂಟು ಎಂದು ಒಪ್ಪಿಕೊಂಡ. ಬ್ರೇಕಕ್ಕ ತಾನೂ ಆಗೀಗ ಬನ್ನಿನ ತಳ ಹಾಕುವುದನ್ನು ನೆನೆದು ಒಂದು ಕ್ಷಣ ದನಿ ತಗ್ಗಿಸಿದಳು. ಇಷ್ಟರಿಂದ ಐದು ಕೋಳಿ ದಿಂಬಾಗಲು ಸಾಧ್ಯವಿರಲಿಲ್ಲ.

"ಅತ್ತೆ, ನೀವು?"

"ನಾನಾ? ಆ ಹೊಲಸಿಗೆ?" ಅತ್ತೆ ಟೀಯಲ್ಲಿ ಅದ್ದಿದ ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡಳು. "ಲೈನ್ ಬಿಝಿ ಇದೆ."

ಅವಳ ತಟ್ಟೆಯಲ್ಲಿದ್ದ ಬೇಯಿಸಿದ ಜೋಳ, ಮಾಂಸದ ತುಂಡು, ಗಟ್ಟಿ ಬ್ರೆಡ್ಡು ಹಾಗೆಯೇ ಇದ್ದವು. "ಆಮೇಲೆ ನಿಧಾನಕ್ಕೆ ತಿಂತೀನಿ, ಮುಚ್ಚಿಡು," ಎಂದಳು. ಅದು ಹೊಸದೇನಲ್ಲ. ಮುಚ್ಚಿಟ್ಟ ತಟ್ಟೆ ಮರುದಿನ ಖಾಲಿಯಾಗಿ, ತೊಳೆದಂತಾಗಿ ಸಿಗುತ್ತಿತ್ತು. ಮಧ್ಯಾಹ್ನದ ಊಟದ್ದೂ ಅದೇ ಕಥೆ. ಈ ವಯಸ್ಸಿನಲ್ಲೂ ಅಮ್ಮನಿಗೆ ಎಂಥಾ ಹಸಿವು ಎಂದು ಹಲ್ಲಣ್ಣ ಬಂದವರ ಮುಂದೆ ಹೆಮ್ಮೆಪಡುತ್ತಿದ್ದ. ಹಲ್ಲಿನ ಮಹಿಮೆ ಎಂದೂ ಸೇರಿಸುತ್ತಿದ್ದ. ಅತ್ತೆಯ ಸ್ವೆಟರು ಹೆಗಲಿನಿಂದ ಜಾರುವಷ್ಟು ಸಡಿಲವಾದದ್ದನ್ನು ಇಬ್ಬರೂ ನೋಡಿದ್ದರು. ಮುದಿತನ, ಒಗೆದು ಒಗೆದು ಹಿಗ್ಗಿದ ಉಣ್ಣೆ, ಎರಡರಲ್ಲಿ ಒಂದು ಎಂದುಕೊಂಡಿದ್ದರು.

ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಕಲಿಯಲು ಬರಬೇಕಾದ ಮದುವಣಗಿತ್ತಿ ಬರಲಿಲ್ಲ. ಬ್ರೇಕಕ್ಕ ಅವಳಿಗೂ ಅವಳ ವರನಿಗೂ ಸೇರಿಸಿ ಬೈದುಕೊಂಡು ಬೇಗನೆ ಮನೆಗೆ ಬಂದಳು. ಮುಂದಿನ ಕೋಣೆಯಲ್ಲಿ ಪಾಲಿಶ್ ಯಂತ್ರ ಗುಂಯ್‌ಗುಡುತ್ತಿತ್ತು. ಅದರ ಸದ್ದಿನ ಮಧ್ಯೆ ಹಿತ್ತಿಲಿನಿಂದ ಮಾತು ಕೇಳಿಸಿತು. ಅಡುಗೆಮನೆಯ ಕಿಟಕಿಯಿಂದ ಇಣುಕಿದಳು.

ಬೋರಲು ಹಾಕಿದ ಬಕೆಟ್ಟಿನ ಮೇಲೆ ಅತ್ತೆ ಕೂತಿದ್ದಳು. ತೊಡೆಯ ಮೇಲೆ ಮಧ್ಯಾಹ್ನದ ತಟ್ಟೆ. ಹಲ್ಲಿನ ಸೆಟ್ಟು ಪಕ್ಕದ ಕಲ್ಲಿನ ಮೇಲೆ ಕರ್ಚೀಫಿನಲ್ಲಿ ಬೆಚ್ಚಗೆ ಮಲಗಿತ್ತು. ಐದೂ ಕೋಳಿಗಳು ಅವಳ ಕಾಲಿನ ಸುತ್ತ ಮುತ್ತಿಕೊಂಡಿದ್ದವು. ಯಾರು ಕರೆದರೂ ಬಾರದ ರಿವರ್ಸು ಅವಳ ಚಪ್ಪಲಿಯ ಮೇಲೇ ಹತ್ತಿ ನಿಂತಿತ್ತು. ಅತ್ತೆ ಬ್ರೆಡ್ಡು ಮುರಿದು, ಜೋಳ ಬಿಡಿಸಿ ಒಂದೊಂದಕ್ಕೂ ಹಂಚುತ್ತಿದ್ದಳು.

"ತಿನ್ರೇ, ತಿನ್ರೇ. ಒಂದು ಹಲ್ಲಿಲ್ಲ, ಹೆಂಗ್ ನುಂಗ್ತೀರಿ ನೋಡು! ನಿಮ್ಮ ಭಾಗ್ಯ ಕಣ್ರೇ. ನಿಮಗೆ ಮಗನೂ ಇಲ್ಲ, ಮಗ ಮಾಡಿದ ಹಲ್ಲೂ ಇಲ್ಲ."

ಬ್ರೇಕಕ್ಕ ಬಾಗಿಲು ದೂಡಿಕೊಂಡು ಹೊರಗೆ ಬಂದಳು. "ಅತ್ತೇ! ಸಿಕ್ಕಿಬಿದ್ರಿ! ನೀವೇನಾ ನನ್ನ ಮಾನ ಕಳೆದದ್ದು?"

ಅತ್ತೆ ಬೆಚ್ಚಿ ಕರ್ಚೀಫಿಗೆ ಕೈ ಹಾಕಿದಳು. ಆತುರಾತುರವಾಗಿ ಕೆಳಗಿನ ಸೆಟ್ಟನ್ನು ಬಾಯಿಗೆ ತುರುಕಿಕೊಳ್ಳಲು ಹೋದವಳು ತಡೆಯಲಾರದೆ "ಹಾ" ಎಂದು ಕಣ್ಣು ಮುಚ್ಚಿದಳು. ಕಣ್ಣಿನ ಮೂಲೆಯಲ್ಲಿ ನೀರು ಬಂತು.

ಬ್ರೇಕಕ್ಕ ಬೈಯುವುದನ್ನು ಬಿಟ್ಟು ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತಳು. "ತೆಗೀರಿ ಅದನ್ನ. ಬಾಯಿ ತೋರ್ಸಿ."

"ಲೈನ್..."

"ಲೈನ್ ನಾನೇ ಕಟ್ ಮಾಡ್ತೀನಿ. ತೋರ್ಸಿ ಅಂದ್ರೆ."

ಕೆಳದವಡೆಯ ಒಸಡು ಉದ್ದಕ್ಕೂ ಕೆಂಪಗೆ ಹುಣ್ಣಾಗಿತ್ತು. ಒಂದು ಕಡೆ ಬಿಳಿಯ ಗಾಯ.

"ಎಷ್ಟು ದಿನದಿಂದ ಹಿಂಗಿದೆ?"

"ಕೊಟ್ಟಾಗಿನಿಂದ."

"ಹೇಳಬಾರದಾ?"

"ಏನಂತ ಹೇಳ್ಲಿ?" ಅತ್ತೆ ಸ್ವೆಟರಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. ಹಲ್ಲಿಲ್ಲದೆ ಅವಳ ಮಾತು ಗಾಳಿ ಗಾಳಿಯಾಗಿ ಬರುತ್ತಿತ್ತು. "ಬಂದೋರಿಗೆಲ್ಲ ನನ್ನ ಬಾಯಿ ತೋರಿಸ್ಕೊಂಡು ಕುಣೀತಾನೆ. ಆ ಮುಖ ನೋಡ್ಕೊಂಡು, ನಿನ್ನ ಹಲ್ಲು ಚುಚ್ಚುತ್ತೆ ಕಣೋ ಅಂತ ಹೆಂಗೆ ಹೇಳ್ಲಿ? ಹಲ್ಲಿಲ್ದೆ ಮೇಜಿಗೆ ಬಂದ್ರೆ ಅವನಿಗೆ ಗೊತ್ತಾಗುತ್ತೆ. ಹಲ್ಲಿದ್ರೆ ನನಗೆ ತಿನ್ನೋಕಾಗಲ್ಲ. ತಟ್ಟೇಲಿ ಬಿಟ್ರೆ ನೀನು ಕೇಳ್ತೀಯಾ. ಇವು ಯಾರಿಗೂ ಹೇಳಲ್ಲ ಅಂದ್ಕೊಂಡೆ."

"ಹೇಳಿದ್ವಲ್ಲ ಅತ್ತೆ. ಊರಿಗೇ ಹೇಳಿದ್ವು," ಎಂದಳು ಬ್ರೇಕಕ್ಕ. ಅತ್ತೆಯ ಕೈ ಹಿಡಿದು ಎಬ್ಬಿಸಿದಾಗ ಆ ಕೈ ಎಷ್ಟು ಹಗುರವಿತ್ತೆಂದರೆ ಅವಳಿಗೆ ಗಾಬರಿಯಾಯಿತು. ಇಷ್ಟು ದಿನ ಮುದುಕಿ ಟೀ, ಅದ್ದಿದ ಬಿಸ್ಕತ್ತು, ಹಟ ಇವುಗಳ ಮೇಲೇ ಬದುಕಿದ್ದಳು. ತಾನು ದಿನಾ ಬೆಳಿಗ್ಗೆ ಗೂಡಿನ ಮುಂದೆ ಬಗ್ಗಿ ಒಂದೊಂದು ಕೋಳಿಯ ಹಿಕ್ಕೆಯನ್ನೂ ಪರೀಕ್ಷಿಸಿದ್ದೆ, ಮನೆಯೊಳಗಿನ ಈ ಜೀವದ ಕಡೆ ತಿರುಗಿಯೂ ನೋಡಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಕೋಪ ಬಂತು. ಅವಳ ಕೋಪ ಯಾರ ಮೇಲೆ ಬಂದರೂ ಇಳಿಯುವುದು ಗಂಡನ ಮೇಲೆ. ನೇರ ಮುಂದಿನ ಕೋಣೆಗೆ ಹೋಗಿ ಪಾಲಿಶ್ ಯಂತ್ರದ ಸ್ವಿಚ್ಚು ಆರಿಸಿದಳು.

"ನಿಮ್ಮ ಶ್ರೇಷ್ಠ ಕೆಲಸ ನಿಮ್ಮ ಅಮ್ಮನ್ನ ಉಪವಾಸ ಹಾಕಿದೆ. ಬನ್ನಿ."

ಹಲ್ಲಣ್ಣ ಮೊದಲು ನಂಬಲಿಲ್ಲ. "ಸಾಧ್ಯವೇ ಇಲ್ಲ. ಆ ಸೆಟ್ಟಿನ ಫಿಟ್ಟಿಂಗು ಕಣ್ಣಿಗೆ ಒತ್ಕೋಬೇಕು, ಹಂಗಿದೆ. ಅಮ್ಮ ಬಾಯಿ ಸರಿಯಾಗಿ ಮುಚ್ಚಲ್ಲ, ಅದಕ್ಕೇ..." ಎನ್ನುತ್ತಲೇ ಟಾರ್ಚು ತಂದ. ಬಾಯೊಳಗೆ ಬೆಳಕು ಬಿಟ್ಟ. ಬಹಳ ಹೊತ್ತು ನೋಡಿದ. ಹಲ್ಲಿಲ್ಲದ ಒಸಡು ವರ್ಷದಿಂದ ವರ್ಷಕ್ಕೆ ಕರಗುತ್ತದೆ ಎಂದು ಗಿರಾಕಿಗಳಿಗೆಲ್ಲ ಉಪದೇಶ ಮಾಡುವವನು, ಅಮ್ಮನ ಸೆಟ್ಟನ್ನು ಮಾತ್ರ ಕಪಾಟಿನಲ್ಲಿದ್ದ ಹಳೇ ಅಚ್ಚಿನ ಮೇಲೇ ಮಾಡಿದ್ದ. ಅಮ್ಮನ ಬಾಯಿ ತನಗೆ ಗೊತ್ತಿಲ್ಲದ್ದೇನು ಎಂಬ ಧೈರ್ಯ.

ಟಾರ್ಚು ಆರಿಸಿ ನೆಲದ ಮೇಲೇ ಕೂತುಬಿಟ್ಟ. "ಯಾಕಮ್ಮಾ ಹೇಳ್ಲಿಲ್ಲ?"

"ಹೇಳೋಕೆ ಬಾಯಿ ಬಿಡಬೇಕಲ್ಲಪ್ಪ. ಬಿಟ್ರೆ ನೋಯ್ತಿತ್ತು."

ಹಲ್ಲಣ್ಣ ನಗಲು ಹೋಗಿ ಅತ್ತ. ಐವತ್ತು ದಾಟಿದ ಗಂಡಸು ಮೂಗು ಸೊರಸೊರ ಎಳೆಯುತ್ತಾ ಅಳುವುದನ್ನು ಕಂಡು ಅತ್ತೆಗೆ ಮುಜುಗರವಾಯಿತು. "ಏ ಸಾಕು ಎದ್ದೇಳೋ. ಹಸಿವಾಗಿದೆ ನನಗೆ," ಎಂದಳು. ಬ್ರೇಕಕ್ಕ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ ನುಣ್ಣಗೆ ಹಿಸುಕಿ, ಮೇಲೆ ಎರಡು ತೊಗಲು ಮೊಟ್ಟೆ ಒಡೆದು ಕಲಸಿ ಬಿಸಿ ಮಾಡಿಕೊಟ್ಟಳು. ಅತ್ತೆ ಹಲ್ಲಿಲ್ಲದೆ, ಮಗನ ಎದುರೇ, ತಟ್ಟೆ ನೆಕ್ಕಿದಳು. ಕೋಳಿಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವು.

ಮುಂದಿನದೆಲ್ಲ ನಿಧಾನದ ಕೆಲಸ. ದಂತವೈದ್ಯರು ಒಸಡು ಒಣಗುವವರೆಗೆ ಹಲ್ಲು ಮುಟ್ಟಬೇಡಿ ಎಂದರು. ಕೋಳಿಗಳಿಗೆ ಬ್ರೆಡ್ಡು, ಬಿಸ್ಕತ್ತು, ಜೋಳ ಎಲ್ಲ ಬಂದ್ ಆಯಿತು. ಫೀಡು, ತಾಜಾ ನೀರು, ಬೇರೆ ಬಟ್ಟಲಲ್ಲಿ ಕುಟ್ಟಿದ ಸಮುದ್ರದ ಚಿಪ್ಪು, ಅಷ್ಟೆ. ಮೊದಲ ದಿನಗಳಲ್ಲಿ ಅವು ಹಿಂಬಾಗಿಲಿನ ಮುಂದೆ ಧರಣಿ ಕೂತವು. ರಿವರ್ಸು ಬಾಗಿಲನ್ನೇ ಕುಕ್ಕಿತು. ಅತ್ತೆ ಒಳಗಿನಿಂದ, "ನೀವು ಕರೆ ಮಾಡಿದ ಚಂದಾದಾರರು ಊಟಕ್ಕೆ ಕೂತಿದ್ದಾರೆ," ಎಂದು ಕೂಗಿ ಹೇಳುತ್ತಿದ್ದಳು.

ಸುಳ್ಳು ಮೊಟ್ಟೆ ಮಾಡುವ ಕೆಲಸ ಹಲ್ಲಣ್ಣನಿಗೆ ಬಂತು. ಪಶುವೈದ್ಯೆ ಅವನನ್ನು ದೂರ ಇಡಲು ಹೇಳಿದ್ದರೂ ಈ ಒಂದು ವಿಷಯದಲ್ಲಿ ಬ್ರೇಕಕ್ಕ ಅನುಮತಿ ಕೊಟ್ಟಳು. ಅವನು ಗಟ್ಟಿ ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಉಜ್ಜಿ, ಹಲ್ಲಿಗೆ ಕೊಡುವ ಪಾಲಿಶ್ಶನ್ನೇ ಕೊಟ್ಟು ಒಂದು ಮೊಟ್ಟೆ ಮಾಡಿದ. ರಿವರ್ಸು ಅದನ್ನು ಒಂದು ಸಲ ಕುಕ್ಕಿತು, ಎರಡು ಸಲ ಕುಕ್ಕಿತು, ತಲೆ ಕೊಡವಿ ಹೊರಗೆ ಬಂದು ಬಹಳ ಹೊತ್ತು ಆಕಾಶ ನೋಡಿತು. ಮೊಟ್ಟೆ ಕುಡಿಯುವ ಚಟ ಅಲ್ಲಿಗೆ ಬಿಟ್ಟಿತು.

ಅತ್ತೆಯ ಹೊಸ ಹಲ್ಲಿನ ವಿಷಯದಲ್ಲಿ ಮಾತ್ರ ತಾಯಿ ಮಗನಿಗೆ ಜೋರು ಜಗಳವಾಯಿತು. ಈ ಸಲ ಅಚ್ಚು ಹೊಸದು, ಹೊಂದಿಸಿ ನೋಡಿದ್ದು ಮತ್ತೆ ಮತ್ತೆ. ಆದರೆ ಅತ್ತೆ ಇನ್ನೊಂದು ಷರತ್ತು ಹಾಕಿದಳು: "ಮುಂದಿನ ಹಲ್ಲು ಒಂದು ಸೊಟ್ಟಗಿರ್ಲಿ."

"ಸೊಟ್ಟಗಾ? ನನ್ನ ಹೆಸರು ಹಾಳಾಗುತ್ತಮ್ಮಾ!"

"ನನ್ನ ಸ್ವಂತ ಹಲ್ಲು ಸೊಟ್ಟಗೇ ಇತ್ತು. ನಿಮ್ಮಪ್ಪ ಅದನ್ನ ನೋಡೇ ಮದುವೆ ಆಗಿದ್ದು. ಬಾಯಿ ನಂದು."

ಹಲ್ಲಣ್ಣ ಬೇಸರದಿಂದ, ಗೊಣಗುತ್ತಾ, ಒಂದು ಹಲ್ಲನ್ನು ಪಕ್ಕದ ಹಲ್ಲಿನ ಮೇಲೆ ಒರಗಿಸಿ ಕೂರಿಸಿದ. ಹಾಕಿಕೊಂಡ ಅತ್ತೆ ಕನ್ನಡಿಯಲ್ಲಿ ನೋಡಿಕೊಂಡು, ಅಡುಗೆಮನೆಗೆ ಹೋಗಿ ಸುಟ್ಟ ಬ್ರೆಡ್ಡಿನ ತುಂಡೊಂದನ್ನು ಕಚ್ಚಿದಳು. ಕರುಂ ಕರುಂ ಎಂಬ ಸದ್ದು ಮುಂದಿನ ಕೋಣೆಯವರೆಗೆ ಕೇಳಿಸಿತು. ಹಲ್ಲಣ್ಣ ಅಲ್ಲಿಂದಲೇ, "ನೋಯುತ್ತೇನಮ್ಮಾ? ನಿಜ ಹೇಳು," ಎಂದು ಕೂಗಿದ.

"ನೋಯಲ್ಲ. ಬ್ರೆಡ್ಡು ಸೀದಿದೆ. ನಿನ್ನ ಹೆಂಡ್ತಿಗೆ ಹೇಳು."

ವಾರಗಳು ಕಳೆದಂತೆ ಮೊಟ್ಟೆಗಳು ಗಟ್ಟಿಯಾದವು. ಬ್ರೇಕಕ್ಕ ಮೇಜಿನ ಮೇಲೆ ಒಂದನ್ನು ಠಣ್ ಠಣ್ ಎಂದು ತಟ್ಟಿ ಗಂಡನಿಗೂ ಅತ್ತೆಗೂ ಕೇಳಿಸಿದಳು. ನ್ಯೂಟ್ರಲ್ಲಿನ ಮೊಟ್ಟೆ ಮಾತ್ರ ಇನ್ನೂ ತೆಳುವಾಗಿಯೇ ಬರುತ್ತಿತ್ತು. ಪಶುವೈದ್ಯೆ, ವಯಸ್ಸಾದ ಕೋಳಿಯದು ಹಾಗೇ, ಏನೂ ಮಾಡುವಂತಿಲ್ಲ ಎಂದಿದ್ದಳು.

ಬ್ರೇಕಕ್ಕ ಒಂದು ಸಂಜೆ ಆ ಕೋಳಿಯನ್ನೇ ನೋಡುತ್ತಾ, "ಇದನ್ನ ಇಟ್ಕೊಂಡು ಏನ್ ಪ್ರಯೋಜನ? ಮೊಟ್ಟೆ ಸರಿಯಿಲ್ಲ, ಫೀಡು ಮಾತ್ರ ಎಲ್ಲರಿಗಿಂತ ಜಾಸ್ತಿ ತಿನ್ನುತ್ತೆ," ಎಂದಳು.

ಬಕೆಟ್ಟಿನ ಮೇಲೆ ಕೂತು ಬಿಸಿಲು ಕಾಯುತ್ತಿದ್ದ ಅತ್ತೆ ತಲೆಯೆತ್ತಿದಳು. "ಅದನ್ನ ಹೇಳುವಾಗ ಕೋಳಿ ಕಡೆ ನೋಡು. ನನ್ನ ಕಡೆ ನೋಡಬೇಡ."

"ಅಯ್ಯೋ, ಕೋಳೀನೇ ನೋಡ್ತಿದ್ದೆ ಅತ್ತೆ!"

"ನೋಡ್ತಾ ಇರು. ಹಂಗೇ ಒಳಗೆ ಹೋಗಿ ಟೀ ಇಡು. ಬಿಸ್ಕತ್ತು ಬೇಡ, ಸಾಕಾಗಿ ಹೋಗಿದೆ ನನಗೆ. ಏನಾದ್ರೂ ಗಟ್ಟಿಯಾದ್ದು ತಾ."